ಇನ್ನೊಬ್ಬರ ನಾಣ್ಯದ ಬೆಳಕು

ಬೇರೊಬ್ಬರು ದುಡ್ಡು ಕೊಟ್ಟು ಹಚ್ಚಿದ ದೀಪದ ಬೆಳಕಿನಲ್ಲಿ ನಾವು ನಿಂತು ನೋಡಿದರೆ ಅದು ತಪ್ಪೇ? ಇದೂ ಒಂದು ಪ್ರಶ್ನೆಯೇ ಎಂದು ಕೆಲವರು ನಗಬಹುದು. 2018ರಲ್ಲಿ ರೋಮ್ ನಗರಕ್ಕೆ ಹೋಗಿಬಂದ ಮೇಲೆ ಅದು ನಮ್ಮನ್ನು ಬಿಟ್ಟಿಲ್ಲ.

ಯೂರೋಪ್ ಪ್ರವಾಸವೆಂದರೆ ನಮ್ಮವರಲ್ಲಿ ಬಹುಮಂದಿಗೆ ಬಸ್ಸಿನಲ್ಲಿ ಕೂತು ಹತ್ತು ದಿನದಲ್ಲಿ ಆರು ದೇಶ ಮುಗಿಸುವುದು. ರೋಮಿನ ಪಾಲಿಗೆ ಬರುವುದು ಒಂದೂವರೆ ದಿನ. ಕೊಲೋಸಿಯಮ್, ವ್ಯಾಟಿಕನ್, ತ್ರೇವಿ ಕಾರಂಜಿಗೆ ಬೆನ್ನು ಹಾಕಿ ನಿಂತು ಹೆಗಲ ಮೇಲಿಂದ ಎಸೆದ ಒಂದು ನಾಣ್ಯ, ಅಲ್ಲಿಗೆ ಮಂಗಳ. ಆದರೆ ಅದೇ ಊರಿನ ಬೀದಿ ಬದಿಯ ಚರ್ಚುಗಳಲ್ಲಿ ಟಿಕೆಟ್ಟೇ ಇಲ್ಲದೆ ನೋಡಬಹುದಾದದ್ದು ಎಷ್ಟೋ ಇದೆ. ಹೋಗುವವರು ಹೆಗಲು, ಮೊಣಕಾಲು ಮುಚ್ಚುವಂತೆ ಉಡಬೇಕು. ಪೂಜೆಯ ಹೊತ್ತಿನಲ್ಲಿ ಅಡ್ಡಾಡಬಾರದು. ಮಧ್ಯಾಹ್ನ ಹಲವು ಚರ್ಚುಗಳು ಬಾಗಿಲು ಹಾಕಿಕೊಳ್ಳುವುದರಿಂದ ಬೆಳಿಗ್ಗೆಯೇ ಹೊರಡುವುದು ಮೇಲು. ಎಲ್ಲಕ್ಕಿಂತ ಮುಖ್ಯವಾಗಿ ಜೇಬಿನಲ್ಲಿ ಚಿಲ್ಲರೆ ಇರಬೇಕು. ಒಳಗೆ ಕತ್ತಲೆ, ಕೆಲವು ಕಡೆ ಗೋಡೆಗೊಂದು ಪೆಟ್ಟಿಗೆ ಇಟ್ಟಿರುತ್ತಾರೆ. ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಒಂದೆರಡು ನಿಮಿಷದಲ್ಲಿ ತಾನಾಗಿ ಆರುತ್ತದೆ.

ಸಾಂತಾ ಪ್ರಾಸ್ಸೆದೆ ಎಂಬ ಚರ್ಚು ಸುಪ್ರಸಿದ್ಧವಾದ ಸಾಂತಾ ಮರಿಯಾ ಮಜ್ಜೋರೆಗೆ ಕೂಗಳತೆಯಲ್ಲೇ ಇದೆ. ಹೊರಗಿನಿಂದ ನೋಡಿದರೆ ಒಳಗೆ ಹೋಗಬೇಕೆಂದು ಅನ್ನಿಸುವುದಿಲ್ಲ. ಒಳಗೆ ಬಲಗಡೆ ಒಂದು ಪುಟ್ಟ ಕೋಣೆ. 817ರಿಂದ 824ರವರೆಗೆ ಪೋಪ್ ಆಗಿದ್ದ ಒಂದನೆಯ ಪಾಸ್ಕಲ್ ತನ್ನ ತಾಯಿ ಥಿಯೊಡೋರಾಳಿಗಾಗಿ ಕಟ್ಟಿಸಿದ್ದು. ಗೋಡೆ, ಚಾವಣಿಯ ತುಂಬ ಹೊನ್ನಿನ ಬಣ್ಣದ ಗಾಜಿನ ಹರಳುಗಳನ್ನು ಕೂರಿಸಿ ಮಾಡಿದ ಚಿತ್ರಗಳು. ದೀಪವಿಲ್ಲದಿದ್ದರೆ ಅಷ್ಟೂ ಮಬ್ಬು.

ನಾವು ಹೋದಾಗ ಆ ಮಬ್ಬಿನಲ್ಲಿ ಇನ್ನೂ ಮೂವರು ಪರದೇಶದವರು ನಿಂತಿದ್ದರು. ಎಲ್ಲರ ಮುಖವೂ ಚಾವಣಿಯ ಕಡೆಗೆ. ಕಾಣದ ಚಿತ್ರವನ್ನು ಅಷ್ಟು ಶ್ರದ್ಧೆಯಿಂದ ನೋಡುವುದನ್ನು ನಾವು ಬೇರೆಲ್ಲೂ ಕಂಡಿಲ್ಲ! ಒಬ್ಬರ ಕೈಯೂ ಜೇಬಿಗೆ ಹೋಗಲಿಲ್ಲ, ನಮ್ಮದೂ ಹೋಗಲಿಲ್ಲ. ಆಗ ಒಂದು ಯೂರೋಗೆ ಸುಮಾರು 80 ರೂಪಾಯಿ. ಮಾಟುಂಗಾದ ಒಂದು ದೋಸೆಯ ಹಣ ಎಂದು ಮನಸ್ಸು ಗುಣಿಸುತ್ತಿತ್ತು. ಹಿಂದಿನ ದಿನವಷ್ಟೇ ಕಾರಂಜಿಯ ನೀರಿಗೆ ನಾಣ್ಯ ಎಸೆದಾಗ ಈ ಗುಣಾಕಾರ ಹೊಳೆದಿರಲಿಲ್ಲ. ಅಷ್ಟರಲ್ಲಿ ತರಕಾರಿ ಚೀಲ ಹಿಡಿದ ಆ ಊರಿನ ಮುದುಕಿಯೊಬ್ಬಳು ಬಂದು ನಾಣ್ಯ ಹಾಕಿದಳು. ಕೋಣೆಯೆಲ್ಲ ಹೊನ್ನಾಯಿತು. ನಾಲ್ವರು ದೇವದೂತರು ಎತ್ತಿ ಹಿಡಿದ ಕ್ರಿಸ್ತನ ಮುಖ ಕಂಡಿತು. ಥಿಯೊಡೋರಾಳ ತಲೆಯ ಹಿಂದೆ ಚೌಕಾಕಾರದ ಪ್ರಭಾವಳಿ ಕಂಡಿತು. ಚಿತ್ರ ಮಾಡುವಾಗ ಬದುಕಿದ್ದವರಿಗೆ ಹಾಗೆ ಚೌಕ ಬರೆಯುವುದು ರೂಢಿಯಂತೆ. ಮುದುಕಿ ಒಮ್ಮೆ ತಲೆಯೆತ್ತಿ ನೋಡಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ದೀಪ ಆರುವ ಮುಂಚೆಯೇ ಹೊರಟುಹೋದಳು.

ನಮ್ಮ ಸಮರ್ಥನೆ ಏನೋ ಸಿದ್ಧವಾಗಿತ್ತು. ಬೆಳಕು ಅನ್ನದಂತಲ್ಲ, ನಾವು ನೋಡಿದ್ದರಿಂದ ಆಕೆಗೆ ಒಂದು ಕಿರಣವೂ ಕಡಿಮೆಯಾಗಲಿಲ್ಲ. ಇಷ್ಟನ್ನು ತಿಳಿಯಲು ಬಿ.ಎಸ್ಸಿ. ಓದಬೇಕಾಗಿಲ್ಲ. ಬೇಲೂರಿನಲ್ಲಿ ಪಕ್ಕದ ಗುಂಪಿನ ಮಾರ್ಗದರ್ಶಿ ಹೇಳುವ ಮಾತಿಗೆ ಕಿವಿಗೊಟ್ಟು ನಿಂತವರು ನಮ್ಮಲ್ಲಿ ಯಾರಿಲ್ಲ? ನಿಜ. ಆದರೆ ಆಕೆ ಬಾರದಿದ್ದರೆ ನಾವೆಲ್ಲ ಜೇಬಿನಲ್ಲಿ ನಾಣ್ಯ ಇಟ್ಟುಕೊಂಡೇ ಕತ್ತಲಲ್ಲಿ ಇರುತ್ತಿದ್ದೆವು. ಇನ್ನೊಬ್ಬರ ಬೆಳಕಿನಲ್ಲಿ ನೋಡಿದ್ದು ತಪ್ಪೆಂದು ನಮಗೆ ಈಗಲೂ ಅನ್ನಿಸುವುದಿಲ್ಲ. ನೋಡುತ್ತಿರುವಂತೆ ನಟಿಸುತ್ತ ಕಾದದ್ದು ಮಾತ್ರ ತಪ್ಪೇ.

ಮರುದಿನ ಪಿಯಾತ್ಸಾ ನವೋನಾದ ಹತ್ತಿರವಿರುವ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಚರ್ಚಿಗೆ ಹೋದೆವು. ಅಲ್ಲಿ ಎಡಗಡೆಯ ಕೊನೆಯ ಗೂಡಿನಲ್ಲಿ ಚಿತ್ರಕಾರ ಕರವಾಜ್ಜೊ ಬರೆದ ಮೂರು ಚಿತ್ರಗಳಿವೆ. ಈ ಬಾರಿ ಪ್ರಾಯಶ್ಚಿತ್ತದಂತೆ ನಾವೇ ಮುಂದಾಗಿ ನಾಣ್ಯ ಹಾಕಿದೆವು. ದೀಪ ಹತ್ತಿದ್ದೇ ತಡ, ಎಲ್ಲಿದ್ದರೋ ಒಂದು ಇಪ್ಪತ್ತು ಮಂದಿ ಬಂದು ನಮ್ಮ ಮುಂದೆಯೇ ನಿಂತರು. ಸಿಟ್ಟು ನೆತ್ತಿಗೇರಿತು. ಹಾಕಿದವರು ನಾವು, ನೋಡುವವರು ಇವರೇ? ಹಿಂದಿನ ದಿನದ ನಮ್ಮ ವಾದ ಒಂದೇ ರಾತ್ರಿಯಲ್ಲಿ ತಿರುವುಮುರುವಾಗಿತ್ತು. ಕಾದವನ ಜಿಪುಣತನಕ್ಕಿಂತ ಕೊಟ್ಟವನ ಈ ಯಜಮಾನಿಕೆ ಇನ್ನೂ ಕೆಟ್ಟದ್ದೆಂದು ಈಗ ತೋರುತ್ತದೆ. ನಾವು ಕೊಂಡದ್ದು ವಿದ್ಯುತ್ತು, ಚಿತ್ರವನ್ನಲ್ಲ.

ತಲೆಗಳ ನಡುವಿನ ಸಂದಿಯಲ್ಲಿ ಎಡಗೋಡೆಯ ಚಿತ್ರ ಕಂಡಿತು. 1599-1600ರಲ್ಲಿ ಬರೆದದ್ದು. ಸುಂಕದ ಮತ್ತಾಯನನ್ನು ಕ್ರಿಸ್ತ ಕರೆಯುವ ಪ್ರಸಂಗ. ಕತ್ತಲ ಕೋಣೆ, ಮೇಜಿನ ಸುತ್ತ ಸುಂಕದವರು. ಕ್ರಿಸ್ತ ಕೈ ಚಾಚಿರುವ ಬಲಗಡೆಯಿಂದಲೇ ಬೆಳಕು ಓರೆಯಾಗಿ ಬೀಳುತ್ತದೆ. ಮೇಜಿನ ಎಡತುದಿಯಲ್ಲಿ ಒಬ್ಬ ತರುಣ ತಲೆಯೆತ್ತಿಲ್ಲ. ಅವನು ನಾಣ್ಯ ಎಣಿಸುತ್ತಿದ್ದಾನೆ. ಇಪ್ಪತ್ತು ವರ್ಷದಿಂದ ಸರ್ಕಾರದ ಲೆಕ್ಕ ಬರೆಯುತ್ತಿರುವ ನಮಗೆ ಆ ಬಾಗಿದ ಕತ್ತು ಬಹಳ ಪರಿಚಿತವೆನಿಸಿತು. ಅಷ್ಟರಲ್ಲಿ ದೀಪ ಆರಿತು.

ಆ ಗೂಡನ್ನು ಅಲಂಕರಿಸಲೆಂದು ಹಣ ಬಿಟ್ಟುಹೋದವನು ಕೊಂತಾರೆಲ್ಲಿ ಎಂಬ ಫ್ರೆಂಚ್ ಕಾರ್ಡಿನಲ್. ಅವನು ತೀರಿಕೊಂಡದ್ದು 1585ರಲ್ಲಿ. ಚಿತ್ರ ಗೋಡೆಗೇರುವ ಹದಿನೈದು ವರ್ಷ ಮುಂಚೆ. ದುಡ್ಡು ಕೊಟ್ಟವನು ನೋಡಲೇ ಇಲ್ಲ. ನಮ್ಮ ಕಡೆ ಹಳೆಯ ಶಾಸನಗಳಲ್ಲಿ ನಂದಾದೀಪಕ್ಕೆಂದು ದತ್ತಿ ಬಿಟ್ಟವರ ಮಾತು ಬರುತ್ತದಲ್ಲ, ಅವರ ನೆನಪಾಯಿತು. ಆ ದೀಪದಲ್ಲಿ ಯಾರು ಯಾರು ದೇವರನ್ನು ಕಾಣಬೇಕೆಂದು ಅವರೇನು ಪಟ್ಟಿ ಮಾಡಿಟ್ಟಿದ್ದರೆ?

ಪ್ರವಾಸದ ಖರ್ಚನ್ನು ರಾತ್ರಿ ರಾತ್ರಿ ಪುಸ್ತಕದಲ್ಲಿ ಬರೆಯುವುದು ನಮ್ಮ ಅಭ್ಯಾಸ. ಆ ದಿನ "ದೀಪಕ್ಕೆ, 1 ಯೂರೋ" ಎಂದು ಬರೆಯುತ್ತಿದ್ದಾಗ ಮನೆಯವರು ಇಣುಕಿ ನೋಡಿ, "ನಿನ್ನೆ ಆ ಅಜ್ಜಿ ಕೊಟ್ಟದ್ದನ್ನು ಜಮಾ ಕಡೆಗೆ ಬರೆಯಲಿಲ್ಲವೇ?" ಎಂದರು. ಯಾವ ಖಾತೆಯಲ್ಲಿ ಬರೆಯುವುದೆಂದು ಹೊಳೆಯಲಿಲ್ಲ. ಪುಸ್ತಕ ಇನ್ನೂ ಇದೆ. ಆ ಸಾಲು ಇನ್ನೂ ಖಾಲಿ.