ಮುಚ್ಚಳದ ಒಳಗಣ ಬರಹ

ಓದತಕ್ಕ ಭಾಗ: 2 ಅರಸುಗಳು 22:3-13



ಯೋಷೀಯನು ಎಂಟು ವರುಷದ ಹುಡುಗನಾಗಿರುವಾಗ ಅರಸನಾದನು. ಅವನ ಆಳಿಕೆಯ ಹದಿನೆಂಟನೆಯ ವರುಷದಲ್ಲಿ, ಹಿರಿಯರ ಕಾಲದಿಂದ ಬಂದ ದೇವಾಲಯದ ಶಿಥಿಲವಾದ ಸ್ಥಳಗಳನ್ನು ಸರಿಪಡಿಸುವದಕ್ಕಾಗಿ ಬಡಗಿಗಳಿಗೂ ಕಲ್ಲುಕುಟಿಗರಿಗೂ ಹಣವನ್ನು ಕೊಡಿಸಿದನು. ಕಲ್ಲನ್ನೂ ಮರವನ್ನೂ ನೆಟ್ಟಗೆ ಮಾಡಿಸಬೇಕೆಂಬದೇ ಅವನ ಎಣಿಕೆ. ಆದರೆ ಆ ಕೆಲಸದ ಕಾಲದಲ್ಲಿ ಮಹಾಯಾಜಕನಾದ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಪುಸ್ತಕವು ದೊರೆಯಿತು. ಶಾಫಾನನು ಅದನ್ನು ಓದಲು, ಅರಸನು ಕೇಳಿ ತನ್ನ ಬಟ್ಟೆಗಳನ್ನು ಹರಿದುಕೊಂಡನು. ಆ ಪುಸ್ತಕವು ಪರದೇಶದಿಂದ ಬಂದದ್ದಲ್ಲ. ಆ ಆಲಯದೊಳಗೇ ಇತ್ತು.

ಈ ಭಾಗವನ್ನು ನಾವು ಅನೇಕಾವರ್ತಿ ಬೋಧಿಸಿದ್ದೆವು. ಆದರೂ ಅದು ನಮ್ಮನ್ನು ಮುಟ್ಟಿದ್ದು 2023ನೆಯ ಇಸವಿಯಲ್ಲಿ, ಪೇಟೆಯ ಒಬ್ಬ ಗಡಿಯಾರ ದುರಸ್ತಿಗಾರರ ಮೇಜಿನ ಮುಂದೆ. ಅದು ಹೇಗಂದರೆ ತಿಳಿಸುತ್ತೇವೆ.

ನಮ್ಮ ತಂದೆಯವರು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. 1976ರಲ್ಲಿ ಸಂಬಳದಿಂದ ಉಳಿಸಿದ ಹಣದಿಂದ ಒಂದು ಕೈಗಡಿಯಾರವನ್ನು ಕೊಂಡರು. ಅದು ಎಚ್‌ಎಂಟಿಯವರ ‘ಜನತಾ’ ಎಂಬದು. ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಾರ್ಖಾನೆಯಿಂದ ಇಂಥ ಗಡಿಯಾರಗಳು ನಾಡಿನ ಉಪಾಧ್ಯಾಯರ, ಗುಮಾಸ್ತರ, ರೈತರ ಕೈಗಳಿಗೆ ಬಂದವು. ಅದಕ್ಕೆ ಬ್ಯಾಟರಿಯಿಲ್ಲ, ದಿನಕ್ಕೊಂದಾವರ್ತಿ ಕೀಲಿ ಕೊಡಬೇಕು. ತಂದೆಯವರು ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಕೀಲಿ ಕೊಡುತ್ತಿದ್ದರು. ಬೆರಳಿಗೆ ಬಿಗಿ ತಗಲಿದೊಡನೆ ನಿಲ್ಲಿಸಬೇಕು, ಬಲಾತ್ಕಾರ ಮಾಡಬಾರದೆಂದು ನಮಗೂ ನಮ್ಮ ತಮ್ಮನಿಗೂ ಕಲಿಸಿದ್ದರು.

ತಂದೆಯವರು 2014ರಲ್ಲಿ ಕರ್ತನಲ್ಲಿ ನಿದ್ರೆಹೋದರು. ಮನೆಯ ಸಾಮಾನುಗಳನ್ನು ಹಂಚುವಾಗ ಗಡಿಯಾರವು ತನಗೆ ಬರಲೆಂದು ತಮ್ಮನು ಕೇಳಿದನು. ಹಿರಿಯ ಮಗನಿಗೆ ಸಲ್ಲತಕ್ಕದ್ದೆಂದು ನಾವು ಹೇಳಿ ತೆಗೆದುಕೊಂಡೆವು. ಅವನು ಮರುಮಾತಾಡದೆ ಎದ್ದುಹೋದನು. ಆ ದಿವಸ ಮೊದಲ್ಗೊಂಡು ಒಂಭತ್ತು ವರುಷ ನಮ್ಮೊಳಗೆ ಮದುವೆ ಮರಣಗಳಲ್ಲಿ ಆಡುವ ನಾಲ್ಕು ಮಾತುಗಳ ಹೊರತು ಬೇರೆ ಮಾತಿರಲಿಲ್ಲ. ಗಡಿಯಾರವನ್ನಾದರೋ ನಾವು ಬಿಳಿಯ ಬಟ್ಟೆಯಲ್ಲಿ ಸುತ್ತಿ, ತಂದೆಯವರ ಸತ್ಯವೇದದ ಜೊತೆಗೆ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟೆವು.

2023ರಲ್ಲಿ ನಮ್ಮ ಮಗಳು, ಪರೀಕ್ಷೆಗೆ ಕಟ್ಟಿಕೊಂಡು ಹೋಗುವದಕ್ಕೆ ಅಜ್ಜನ ಗಡಿಯಾರವನ್ನು ಕೊಡಿರೆಂದು ಕೇಳಿದಳು. ತೆಗೆದು ಕೀಲಿ ಕೊಟ್ಟೆವು. ಮುಳ್ಳು ಒಂದು ಗಳಿಗೆ ನಡುಗಿ ನಿಂತಿತು.

ಇಲ್ಲಿ ಕಲಿಯತಕ್ಕ ಮೊದಲನೆಯ ಮಾತು: ಇಟ್ಟುಬಿಟ್ಟ ವಸ್ತುವೂ ಕೆಡುವದು. ದುರಸ್ತಿಗಾರರು ವಯಸ್ಸಾದವರು. ಕಣ್ಣಿಗೆ ಮಸೂರವನ್ನು ಸಿಕ್ಕಿಸಿಕೊಂಡು ನೋಡಿ, “ಉಪದೇಶಿಗಳೇ, ಇದರಲ್ಲಿ ಏನೂ ಮುರಿದಿಲ್ಲ. ಎಣ್ಣೆ ಒಣಗಿ ಅಂಟಾಗಿದೆ. ನಡೆಸದೆ ಇಟ್ಟದ್ದೇ ಇದರ ರೋಗ” ಎಂದರು. ಆ ಚಿಕ್ಕ ಯಂತ್ರದಲ್ಲಿ ಸುತ್ತಿಟ್ಟ ಸ್ಪ್ರಿಂಗೊಂದು ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳನ್ನು ತಿರುಗಿಸುವದು. ಕೂದಲಿನಂಥ ಇನ್ನೊಂದು ಸ್ಪ್ರಿಂಗಿನಿಂದ ಅತ್ತಿತ್ತ ಆಡುವ ತೂಗುಚಕ್ರವು ಅವುಗಳ ಓಟವನ್ನು ಅಳೆದು ಬಿಡುವದು. ಸೆಕೆಂಡಿಗೆ ಐದು ಬಡಿತ, ಗಂಟೆಗೆ 18,000, ಒಂದು ಹಗಲಿರುಳಿಗೆ 4,32,000. ಸವೆಯದಿರಲೆಂದು ಹದಿನೇಳು ಮಾಣಿಕ್ಯದ ಕಲ್ಲುಗಳನ್ನು ಒಳಗೆ ಕೂರಿಸಿದ್ದಾರೆ. ಇಷ್ಟಿದ್ದರೂ ಸೂಜಿಮೊನೆಯಷ್ಟು ಎಣ್ಣೆ ಒಣಗಿದರೆ ಎಲ್ಲವೂ ನಿಲ್ಲುವದು. ನಾವು ಗೌರವಕ್ಕಾಗಿ ಇಟ್ಟೆವೆಂದು ಹೇಳಿಕೊಂಡಿದ್ದೆವು. ತಲಾಂತನ್ನು ಭೂಮಿಯಲ್ಲಿ ಹೂಣಿಟ್ಟ ಆಳು ಸಹ ಅದನ್ನು ಕಳೆದುಕೊಳ್ಳಲಿಲ್ಲ. ಹಾಗಿದ್ದರೂ ಯಜಮಾನನು ಅವನನ್ನು ಮೆಚ್ಚಲಿಲ್ಲ. ತಂದೆತಾಯಿಗಳ ಸತ್ಯವೇದವನ್ನು ಬಟ್ಟೆಯಲ್ಲಿ ಸುತ್ತಿಟ್ಟು, ನಮ್ಮದು ಮೂರು ತಲೆಯಿಂದ ಬಂದ ವಿಶ್ವಾಸವೆಂದು ಹೇಳಿಕೊಳ್ಳುವ ಮನೆಗಳು ನಮ್ಮ ಸಭೆಗಳಲ್ಲಿ ಇಲ್ಲವೋ?

ಎರಡನೆಯ ಮಾತು: ಸರಿಪಡಿಸುವದು ಬೇರೆ, ಹೊಸದರಂತೆ ತೋರಿಸುವದು ಬೇರೆ. ಈ ದುರಸ್ತಿಗಾರರ ಬಳಿಗೆ ಬರುವದಕ್ಕಿಂತ ಮುಂಚೆ ನಾವು ಮತ್ತೊಂದು ಅಂಗಡಿಗೆ ಹೋಗಿದ್ದೆವು. ಅಲ್ಲಿಯವನು, ಗಡಿಯಾರದ ಮುಖಕ್ಕೆ ಹೊಸ ಬಣ್ಣ ಹಾಕಿಸಿ, ಹೊಸ ಅಂಕಿಗಳನ್ನು ಅಚ್ಚೊತ್ತಿಸಿ, ಕವಚಕ್ಕೆ ಮೆರುಗು ಕೊಟ್ಟರೆ ನಿನ್ನೆ ಕೊಂಡಂತೆ ಕಾಣುವದೆಂದನು. ಒಳಗಿನ ಎಣ್ಣೆಯ ಮಾತನ್ನು ಅವನು ಎತ್ತಲೇ ಇಲ್ಲ. ಈ ಮುದುಕರಾದರೋ ಮುಖವನ್ನು ಮುಟ್ಟಲೊಲ್ಲದೆ, “ಇದನ್ನು ಒರಸಿದರೆ ಅಕ್ಷರಗಳೇ ಹೋಗುವವು. ಹಳದಿ ತಿರುಗಿದ್ದು ವಯಸ್ಸಿನ ಬಣ್ಣ, ಅದು ಇರಲಿ” ಎಂದರು. ಬಳಿಕ ಪ್ರತಿಯೊಂದು ಚಕ್ರವನ್ನೂ ಚಿಮುಟದಿಂದ ಬಿಡಿಸಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಕೂರಿಸುತ್ತಾ ಕಲ್ಲುಗಳಲ್ಲಿ ಸೂಜಿಯಿಂದ ಎಣ್ಣೆ ಇಟ್ಟರು. ಹೆಚ್ಚಾದ ಎಣ್ಣೆಯೂ ಹರಡಿ ಧೂಳನ್ನು ಹಿಡಿದು ಕೆಡಿಸುವದಂತೆ; ಕೂದಲಿನಂಥ ಸ್ಪ್ರಿಂಗಿಗಂತೂ ಎಣ್ಣೆ ಸೋಕಲೇಬಾರದು. ಆ ಕಂಪೆನಿಯನ್ನು ಮುಚ್ಚುವದೆಂದು ಸರಕಾರವು 2016ರಲ್ಲಿ ತೀರ್ಮಾನಿಸಿತಾದಕಾರಣ ಬಿಡಿಭಾಗಗಳನ್ನು ಹಳೆಯ ಗಡಿಯಾರಗಳಿಂದ ತೆಗೆದು ಹಾಕುವವರುಂಟು. ನಮ್ಮದಕ್ಕೆ ಹೊಸದಾಗಿ ಹಾಕಿದ್ದು ಚರ್ಮದ ಪಟ್ಟಿಯೊಂದೇ. ಯೋಷೀಯನು ನೇಮಿಸಿದ ಕೆಲಸಗಾರರು ನಂಬಿಗಸ್ತರಾದಕಾರಣ ಅವರಿಂದ ಹಣದ ಲೆಕ್ಕವನ್ನು ಕೇಳಲಿಲ್ಲವೆಂದು ಬರೆದದೆ. ಅಂಥ ಕೆಲಸಗಾರರು ಇಂದಿಗೂ ಉಂಟು. ಹಬ್ಬಕ್ಕೆ ಸಭಾಮಂದಿರಕ್ಕೆ ಸುಣ್ಣ ಹಚ್ಚಿ ಒಳಗಿನ ಮನಸ್ತಾಪವನ್ನು ಹಾಗೆಯೇ ಬಿಡುವ ನಾವು ಅವರಿಂದ ಕಲಿಯತಕ್ಕದ್ದು ಬಹಳ.

ಮೂರನೆಯ ಮಾತು: ಬಿಚ್ಚಿದಾಗ ದೊರೆತ ಬರಹವನ್ನು ಓದಿ ಅದರಂತೆ ನಡೆಯಬೇಕು. ಗಡಿಯಾರವನ್ನು ದುರಸ್ತಿಮಾಡುವವರು ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತನ್ನೂ ತಾರೀಖನ್ನೂ ಗೀಚಿಡುವ ವಾಡಿಕೆಯುಂಟು. ಮುದುಕರು ಆ ಮುಚ್ಚಳವನ್ನು ಬೆಳಕಿಗೆ ಹಿಡಿದು ಮಸೂರವನ್ನು ನಮ್ಮ ಕೈಗೆ ಕೊಟ್ಟರು. ನಾಲ್ಕು ಗೀರುಬರಹಗಳು: 1983, 1991, 2002, 2012. ಕೊನೆಯದನ್ನು ಕಂಡು ನಾವು ಬೆರಗಾದೆವು. ಯಾಕಂದರೆ ತಂದೆಯವರು 2011ರಲ್ಲಿಯೇ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದರು. ನಾವು ಆಗ ದೂರದ ಊರಿನ ಸಭೆಯಲ್ಲಿ ಬೋಧಿಸುತ್ತಿದ್ದೆವು.

“ಆ ಗುರುತು ನನ್ನದೇ. ತಂದವರು ನಿಮ್ಮ ತಮ್ಮ. ಅಪ್ಪನವರಿಗೆ ದಿಂಬಿನ ಹತ್ತಿರ ಇದರ ಸದ್ದು ಕೇಳದಿದ್ದರೆ ನಿದ್ರೆ ಬರುವದಿಲ್ಲ, ಸಂಜೆಯೊಳಗೆ ಕೊಡಿರಿ ಎಂದು ಹೇಳಿ, ಇದೇ ಬೆಂಚಿನ ಮೇಲೆ ಹಗಲೆಲ್ಲಾ ಕೂತಿದ್ದರು” ಎಂದರು ಮುದುಕರು.

ಸಹೋದರರೇ, ಅರಸನು ಬಟ್ಟೆಗಳನ್ನು ಯಾಕೆ ಹರಿದುಕೊಂಡನೆಂಬದು ಆ ಬೆಂಚಿನ ಮೇಲೆ ನಮಗೆ ತಿಳಿಯಿತು. ಮೂರು ವರುಷ ಪ್ರತಿದಿನ ಬೆಳಿಗ್ಗೆ ಆ ಗಡಿಯಾರಕ್ಕೆ ಕೀಲಿ ಕೊಟ್ಟ ಕೈ ನಮ್ಮದಲ್ಲ. ತಂದೆಯವರನ್ನು ಎತ್ತಿ ಕೂರಿಸಿದ, ಉಣಿಸಿದ, ತೊಳೆದ ಕೈಯೇ ಅದಕ್ಕೂ ಕೀಲಿ ಕೊಟ್ಟಿತು. ಆ ಕೈಯಿಂದಲೇ ನಾವು ಹಿರಿತನದ ಹೆಸರಿನಲ್ಲಿ ಅದನ್ನು ಕಸುಕೊಂಡು, ನಿಲ್ಲಿಸಿಬಿಟ್ಟಿದ್ದೆವು. ಮತ್ತು ಈ ಒಂಭತ್ತು ವರುಷಗಳಲ್ಲಿ, ಯಜ್ಞವೇದಿಯ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನವಾಗಬೇಕೆಂಬ ಕರ್ತನ ಆಜ್ಞೆಯನ್ನು ಎಷ್ಟು ಸಾರಿ ಇತರರಿಗೆ ಬೋಧಿಸಿದೆವೋ ದೇವರೇ ಬಲ್ಲನು.

ಮುದುಕರು ಮುಚ್ಚಳದಲ್ಲಿ ಐದನೆಯ ಗುರುತನ್ನು ಗೀಚಿ ಮುಚ್ಚಿದರು. ಮರುದಿನ ನಾವು ತಮ್ಮನ ಊರಿಗೆ ಹೋದೆವು. ಅವನು ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದನು. ಗಡಿಯಾರವನ್ನು ಅವನ ಕೈಯಲ್ಲಿಟ್ಟು, “ಇದು ನಿನ್ನದು, ನಾವು ತಪ್ಪಿದೆವು” ಎಂದೆವು. ಅವನು ಬಹಳ ಹೊತ್ತು ಏನೂ ಅನ್ನಲಿಲ್ಲ. ಕೈ ಒರಸಿಕೊಂಡು, ಮೆಲ್ಲಗೆ ಕೀಲಿ ಕೊಟ್ಟು, ಬಿಗಿ ತಗಲಿದ ಕೂಡಲೇ ನಿಲ್ಲಿಸಿ, ಕಿವಿಗೆ ಹಿಡಿದುಕೊಂಡನು. “ಊಟಮಾಡಿಕೊಂಡು ಹೋಗು, ಅಣ್ಣಾ” ಎಂದನು. ಮಗಳು ಪರೀಕ್ಷೆಗೆ ಬೇರೊಂದು ಗಡಿಯಾರವನ್ನು ಕಟ್ಟಿಕೊಂಡು ಹೋದಳು. ಯಾಕೆಂದು ಅವಳಿಗೂ ಹೇಳಿದೆವು.

ಪ್ರಿಯರೇ, ಹಿರಿಯರು ಬಿಟ್ಟುಹೋದದ್ದು ಗಡಿಯಾರವಾಗಲಿ, ಹೊಲವಾಗಲಿ, ವಿಶ್ವಾಸವಾಗಲಿ, ಮುಚ್ಚಿಟ್ಟಿರುವದನ್ನು ಈ ತಿಂಗಳಲ್ಲಿ ತೆಗೆದು ನೋಡಿರಿ. ನಡೆಯದಿದ್ದರೆ ಬಲಾತ್ಕಾರ ಮಾಡದೆ, ಬಲ್ಲವರ ಕೈಗೆ ಕೊಟ್ಟು ಬಿಚ್ಚಿಸಿರಿ. ಒಳಗೆ ನಿಮಗೆ ವಿರೋಧವಾದ ಬರಹವು ದೊರೆತರೆ ಕಣ್ಣು ತಿರುಗಿಸಬೇಡಿರಿ. ಅದನ್ನು ಓದಿದ ದಿನವೇ ಎದ್ದು, ಯಾರ ಮನೆಗೆ ಹೋಗಬೇಕೋ ಅವರ ಮನೆಗೆ ಹೋಗಿರಿ.

ಪರಲೋಕದ ತಂದೆಯೇ, ನಾವು ಮುಚ್ಚಿಟ್ಟದ್ದನ್ನು ತೆರೆಯುವದಕ್ಕೆ ಧೈರ್ಯವನ್ನೂ, ತೆರೆದಾಗ ಕಂಡದ್ದನ್ನು ಒಪ್ಪಿಕೊಳ್ಳುವದಕ್ಕೆ ದೀನಮನಸ್ಸನ್ನೂ ನಮಗೆ ಅನುಗ್ರಹಿಸು. ಆಮೆನ್.