ವಿಷಾದ ಬೇರೆ, ಕ್ಷಮೆ ಬೇರೆ

ಇಂಗ್ಲಿಷಿನ ‘ರಿಗ್ರೆಟ್’ ಮತ್ತು ‘ಅಪಾಲಜಿ’ ಪದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುವುದುಂಟು. ರಸ್ತೆ ಅಗೆದವರು ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂದು ಫಲಕ ನೆಟ್ಟರೆ ಕ್ಷಮೆ ಕೇಳಿದರೆಂದೇ ತಿಳಿಯುತ್ತೇವೆ. ಅವರು ಕೇಳಿರುವುದಿಲ್ಲ. ಮಳೆ ಬಾರದ್ದಕ್ಕೂ ವಿಷಾದಿಸಬಹುದು, ನೆರೆಮನೆಯ ಸಾವಿಗೂ ವಿಷಾದಿಸಬಹುದು. ವಿಷಾದಕ್ಕೆ ತಪ್ಪಿತಸ್ಥ ಬೇಕಿಲ್ಲ. ಕ್ಷಮೆಗಾದರೋ ತಪ್ಪು ಬೇಕು, ಅದು ನನ್ನದೆನ್ನುವವನು ಬೇಕು, ಮನ್ನಿಸುವ ಹಕ್ಕುಳ್ಳವನೂ ಬೇಕು. ಉರ್ದುವಿನ ಅಫ್ಸೋಸ್ ಮತ್ತು ಮಾಫಿಯ ನಡುವೆಯೂ ಇದೇ ಅಂತರವಿದೆ. (ಭಿಕ್ಷುಕನನ್ನು ಬರಿಗೈಯಲ್ಲಿ ಕಳಿಸುವಾಗ ನಮ್ಮವರು ‘ಮಾಫ್ ಕರೋ’ ಎನ್ನುತ್ತಾರೆ. ಕೊಡದಿರುವುದೂ ತಪ್ಪೆಂದು ಭಾಷೆಗೆ ಗೊತ್ತಿದೆ, ಆಡುವವರಿಗೆ ನೆನಪಿಲ್ಲ.)

1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಜನರಲ್ ಡಯರ್‌ನ ಸೈನಿಕರು 1,650 ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲೇ ಸತ್ತವರು 379 ಮಂದಿ. 2013ರಲ್ಲಿ ಅಲ್ಲಿಗೆ ಬಂದ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಅದನ್ನು ನಾಚಿಕೆಗೇಡಿನ ಘಟನೆ ಎಂದು ಬರೆದರು, ಕ್ಷಮೆ ಕೇಳಲಿಲ್ಲ. ಘಟನೆಗೆ ನೂರು ವರ್ಷ ತುಂಬಿದಾಗ, 2019ರಲ್ಲಿ, ಪ್ರಧಾನಿ ತೆರೇಸಾ ಮೇ ಪಾರ್ಲಿಮೆಂಟಿನಲ್ಲಿ ಆಳವಾದ ವಿಷಾದ ವ್ಯಕ್ತಪಡಿಸಿದರು. ಪ್ರತಿಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಸ್ಪಷ್ಟ ಕ್ಷಮೆಯಾಚನೆಯೇ ಬೇಕೆಂದರು. ಅದು ಬರಲಿಲ್ಲ. ಇದೇ ಕ್ಯಾಮರೂನ್ 2010ರಲ್ಲಿ, ಉತ್ತರ ಐರ್ಲೆಂಡಿನ ಡೆರ್ರಿಯಲ್ಲಿ 1972ರಲ್ಲಿ ನಡೆದ ಗೋಲಿಬಾರಿಗೆ ದೇಶದ ಪರವಾಗಿ ಕ್ಷಮೆ ಕೇಳಿದ್ದರು!

ತಾನು ಹುಟ್ಟುವ ಮೊದಲಿನ ಪಾಪಕ್ಕೆ ಮೇ ಹೇಗೆ ಕ್ಷಮೆ ಕೇಳಿಯಾರು ಎನ್ನುವವರಿದ್ದಾರೆ. ಹಗುರವಾದ ವಾದವಲ್ಲ ಇದು. ಬೇರೆಯವರ ತಪ್ಪಿಗೆ ನಾನು ದುಃಖಪಡಬಲ್ಲೆ, ಅದನ್ನು ನನ್ನದೆನ್ನಲಾರೆ. ಆದರೆ ಅಂದು ಮಾತಾಡಿದ್ದು ಮೇ ಎಂಬ ಹೆಣ್ಣುಮಗಳಲ್ಲ, ಬ್ರಿಟಿಷ್ ಸರ್ಕಾರ. ಮೊದಲ ಮಹಾಯುದ್ಧಕ್ಕಾಗಿ ಎತ್ತಿದ ಸಾಲದಲ್ಲಿ ಉಳಿದಿದ್ದುದನ್ನು ಆ ಸರ್ಕಾರ 2015ರಲ್ಲಿ ತೀರಿಸಿತು. ಸಾಲ ಎತ್ತಿದ ಮಂತ್ರಿಗಳು ಸತ್ತು ಎಷ್ಟೋ ಕಾಲವಾಗಿತ್ತು. ಆದರೂ ಸಾಲ ತನ್ನದೆಂದಿತು. ಹಾಗಿದ್ದ ಮೇಲೆ ಅದೇ ಕಾಲದ ಗುಂಡು ಯಾರದು?

ಕ್ಷಮೆ ಕೇಳಿದರೆ ಪರಿಹಾರ ಕೊಡಬೇಕಾದೀತೆಂಬ ಭಯವಿರಬಹುದೇ? ಅದೂ ಪೂರ್ತಿ ನಿಜವಲ್ಲ. ಕೀನ್ಯಾದ ಮೌ ಮೌ ದಂಗೆಯ ಕಾಲದಲ್ಲಿ ಚಿತ್ರಹಿಂಸೆಗೊಳಗಾದ 5,228 ಜನರಿಗಾಗಿ 2013ರಲ್ಲಿ ಬ್ರಿಟನ್, ವೆಚ್ಚವೂ ಸೇರಿ, 1.99 ಕೋಟಿ ಪೌಂಡ್ ಕೊಡಲೊಪ್ಪಿತು. ಆಗಲೂ ಆಡಿದ ಪದ ವಿಷಾದವೇ; ಕಾನೂನಿನ ಹೊಣೆಯನ್ನು ಅದೇ ಹೇಳಿಕೆಯಲ್ಲಿ ನಿರಾಕರಿಸಲಾಯಿತು. ಹಣ ಕೊಟ್ಟೂ ಬಿಟ್ಟುಕೊಡದಷ್ಟು ದುಬಾರಿ ಆ ಇನ್ನೊಂದು ಪದ.

2019ರ ಸೆಪ್ಟೆಂಬರಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಜಲಿಯನ್‌ವಾಲಾ ಬಾಗ್‌ನ ನೆಲದ ಮೇಲೆ ಬೋರಲು ಮಲಗಿದರು, ಕ್ಷಮೆ ಬೇಡಿದರು. ಸರ್ಕಾರದ ಪರವಾಗಿ ಮಾತಾಡಲು ತಮಗೆ ಸಾಧ್ಯವಿಲ್ಲವೆಂದೂ ಹೇಳಿದರು.