ಗುಪ್ತಾಯುಧವೂ ಆತ್ಮರಕ್ಷಣೆಯೂ

ಪ್ರಾಣಕ್ಕೆ ಅಪಾಯ ಬಂದಾಗ ಆಯುಧವನ್ನು ಹಿಡಿಯುವ ಹಕ್ಕು ಮನುಷ್ಯನಿಗುಂಟೆಂಬುದನ್ನು ಧರ್ಮಶಾಸ್ತ್ರವೂ ಒಪ್ಪುತ್ತದೆ, ರಾಜಶಾಸನವೂ ಒಪ್ಪುತ್ತದೆ. ಆದರೆ ಆ ಆಯುಧವು ಆಯುಧವಾಗಿ ಕಾಣದೆ, ಕೈಗೋಲಾಗಿಯೋ ಲೇಖನಿಯಾಗಿಯೋ ಕಂಡು, ಸಮಯಬಂದಾಗ ಗುಂಡನ್ನುಗುಳುವುದಾದರೆ, ಅದರಿಂದ ರಕ್ಷಣೆಯು ಹೆಚ್ಚುವುದೇ, ಕುಗ್ಗುವುದೇ? ಇದು ಕೇವಲ ಕುತೂಹಲದ ಪ್ರಶ್ನೆಯೆಂದು ತಳ್ಳಿಬಿಡಲಾಗದು. ಇರುಳಿನಲ್ಲಿ ಒಂಟಿಯಾಗಿ ಮನೆಗೆ ಹಿಂದಿರುಗಬೇಕಾದ ಸ್ತ್ರೀಯೂ, ಅಂಗಡಿಯ ಹಣವನ್ನು ಹೊತ್ತು ನಡೆಯುವ ವೃದ್ಧನೂ ಇಂಥ ಉಪಾಯದಲ್ಲಿ ಭರವಸೆಯಿಡಬಹುದೇ ಎಂಬುದು ಅವರ ಜೀವದ ಪ್ರಶ್ನೆಯೇ ಆಗಿದೆ.

ಕೋಲಿನೊಳಗೆ ಅಲಗನ್ನಡಗಿಸಿದ ಗುಪ್ತಿಯನ್ನು ಭಾರತವು ಬಹುಕಾಲದಿಂದ ಬಲ್ಲುದು. ಅಡಗಿದ ಕೋವಿಗಳಿಗಾದರೋ ಹತ್ತೊಂಬತ್ತನೆಯ ಶತಮಾನದ ಯೂರೋಪು ಅಮೆರಿಕಗಳೇ ತವರು. 1823ರಲ್ಲಿ ಜಾನ್ ಡೇ ಎಂಬ ಆಂಗ್ಲೇಯನು ಕೈಗೋಲಿನ ಕೋವಿಗೆ ಪೇಟೆಂಟು ಪಡೆದನು. 1882ರಲ್ಲಿ ಫ್ರಾನ್ಸಿನ ಜಾಕ್ ಟ್ಯುರ್ಬಿಯೊ, ಮುಷ್ಟಿಯೊಳಗೆ ಹಿಡಿದು ಹಿಸುಕಿದರೆ ಬೆರಳುಗಳ ನಡುವಿನಿಂದ ಗುಂಡು ಹಾರಿಸುವ ಪಿಸ್ತೂಲನ್ನು ರಚಿಸಿದನು. ಬೈಸಿಕಲ್ ಸವಾರರನ್ನು ಬೆನ್ನಟ್ಟುವ ನಾಯಿಗಳಿಗಾಗಿ ಗಾಲಾನ್ ಎಂಬ ಕುಶಲಿಯು ಒಂದು ಕಿರಿಯ ರಿವಾಲ್ವರನ್ನೇ ಮಾಡಿದನು. ಜನರ ಒಂದೊಂದು ಭಯಕ್ಕೂ ಒಂದೊಂದು ಯಂತ್ರವು ಸಿದ್ಧವಾಯಿತು.

ಈ ಯಂತ್ರಗಳ ಗುಣವನ್ನು ಪರೀಕ್ಷಿಸುವುದಕ್ಕೆ ‘ಅಪಾಚೆ’ ಎಂಬ ಬೆಲ್ಜಿಯಂ ದೇಶದ ರಿವಾಲ್ವರ್ ಒಂದೇ ಸಾಕು. ಬೆರಳಿಗೆ ತೊಡಿಸುವ ಗುದ್ದುಬಳೆ, ಮಡಿಸುವ ಚೂರಿ, ಗುಂಡಿನ ಗಾಲಿ, ಈ ಮೂರೂ ಅದರಲ್ಲಿ ಒಂದುಗೂಡಿದ್ದುವು. ಆದರೆ ಗುಂಡಿಗೆ ದಿಕ್ಕು ತೋರಿಸುವ ನಳಿಗೆಯೇ ಇಲ್ಲದ್ದರಿಂದ, ಕೆಲವು ಮಾರು ದೂರದ ಗುರಿಯೂ ತಪ್ಪುತ್ತಿತ್ತು. ಕುದುರೆಗೆ ಕಾಪಿಲ್ಲದ್ದರಿಂದ, ಜೇಬಿನಲ್ಲಿಟ್ಟವನಿಗೇ ಅಪಾಯವಿತ್ತು. ಒಂದು ವಸ್ತುವು ಮೂರು ಕೆಲಸಗಳನ್ನು ಮಾಡಹೊರಟರೆ ಮೂರನ್ನೂ ಅರೆಬರೆಯಾಗಿ ಮಾಡುವುದೆಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಇಂಥ ಆಯುಧಗಳು ಎಂದೂ ಫಲಿಸಲಿಲ್ಲವೇ? ಫಲಿಸಿದುವು, ಆದರೆ ಯಾರ ಕೈಯಲ್ಲಿ ಎಂಬುದನ್ನು ನೋಡಬೇಕು. 1865ರ ಏಪ್ರಿಲ್ 14ರಂದು ಅಬ್ರಹಾಂ ಲಿಂಕನನನ್ನು ಬೂತ್ ಎಂಬ ಘಾತುಕನು ಕೊಂದುದು, ಅಂಗೈಯಲ್ಲಿ ಮರೆಯಾಗುವ ಡೆರಿಂಜರ್ ಪಿಸ್ತೂಲಿನಿಂದ. ಅದರಲ್ಲಿದ್ದುದು ಒಂದೇ ಗುಂಡು. ಮೇಜರ್ ರಾತ್‌ಬೋನನು ತಡೆಯಬಂದಾಗ ಬೂತನಿಗೆ ಒದಗಿದುದು ಪಿಸ್ತೂಲಲ್ಲ, ಚೂರಿ. 1942ರಲ್ಲಿ ಅಮೆರಿಕದವರು ಸುಮಾರು ಹತ್ತು ಲಕ್ಷ ಸಂಖ್ಯೆಯಲ್ಲಿ ಮಾಡಿಸಿದ ‘ಲಿಬರೇಟರ್’ ಎಂಬ ಅಗ್ಗದ ಪಿಸ್ತೂಲಿಗೂ ಒಂದೇ ಗುಂಡು. ಶತ್ರುವಿನ ಕಾವಲುಗಾರನನ್ನು ಮೈಮರೆತಿರುವಾಗ ಹೊಡೆದು, ಅವನ ಒಳ್ಳೆಯ ಕೋವಿಯನ್ನು ಕಿತ್ತುಕೊಳ್ಳುವುದೇ ಅದರ ಉದ್ದೇಶವಾಗಿತ್ತು. ಇವೆರಡರಿಂದಲೂ ವೇದ್ಯವಾಗುವುದೇನೆಂದರೆ, ಗುಪ್ತಾಯುಧವು ಹೊತ್ತನ್ನೂ ಸ್ಥಳವನ್ನೂ ತಾನೇ ಆರಿಸಿಕೊಳ್ಳುವವನ ಸಾಧನ. ಆತ್ಮರಕ್ಷಣೆ ಮಾಡಿಕೊಳ್ಳುವವನಿಗೆ ಆ ಆಯ್ಕೆಯೇ ಇಲ್ಲ. ಅವನು ಅಪಾಯವನ್ನರಿತು, ವಸ್ತುವನ್ನು ಹೊರತೆಗೆದು, ಮಡಿಕೆ ಬಿಚ್ಚಿ, ಗುರಿಯಿಡುವಷ್ಟರಲ್ಲಿ ಎದುರಾಳಿಯ ಕೈ ಅವನ ಮೇಲೆ ಬಿದ್ದಿರುತ್ತದೆ.

ಇನ್ನೊಂದು ವಿಷಯ. ರಕ್ಷಕನ ಆಯುಧವು ಪ್ರಯೋಗವಾಗದೆಯೇ ಗೆಲ್ಲುವುದು ಅದರ ಪರಮ ಪ್ರಯೋಜನ. ಅದನ್ನು ಕಂಡು ದುಷ್ಟನು ಹಿಂದೆಗೆಯಬೇಕು. ಕಾಣದ ಆಯುಧಕ್ಕೆ ಯಾರು ಹೆದರುವರು? 2016ರಲ್ಲಿ ಅಮೆರಿಕದಲ್ಲಿ, ಮಡಿಸಿದರೆ ಮೊಬೈಲ್ ಫೋನಿನಂತೆ ಕಾಣುವ ಎರಡು ಗುಂಡಿನ ಪಿಸ್ತೂಲೊಂದು ಪ್ರಕಟವಾಯಿತು. ದಾರಿಗಳ್ಳನು ಮೊದಲು ಕೈಹಾಕುವುದೇ ಫೋನಿಗೆ! ಕಳ್ಳನಿಗೆ ಆಸೆ ಹುಟ್ಟಿಸುವ ರೂಪವನ್ನು ರಕ್ಷಣೆಯ ಸಾಧನಕ್ಕೆ ತೊಡಿಸುವುದು ಎಂಥ ಜಾಣತನ?

“ಬಲಹೀನನಿಗೆ ಉಪಾಯವೇ ಬಲ, ಅಫಜಲಖಾನನನ್ನು ಎದುರಿಸಿದ ಶಿವಾಜಿಗೆ ಅಡಗಿಸಿದ ವ್ಯಾಘ್ರನಖವು ನೆರವಾಗಲಿಲ್ಲವೇ?” ಎಂದು ಕೇಳುವವರಿರಬಹುದು. 1659ರ ಆ ಭೇಟಿಗೆ ಶಿವಾಜಿಯು ಬಟ್ಟೆಯೊಳಗೆ ಕವಚವನ್ನು ತೊಟ್ಟು, ಪಡೆಯನ್ನು ಕಾಡಿನಲ್ಲಿರಿಸಿ ಹೋದನೆಂದು ಮರಾಠಾ ಬಖರುಗಳು ಹೇಳುತ್ತವೆ. ದಿನ, ಸ್ಥಳ, ಶತ್ರು ಎಲ್ಲವೂ ಅವನಿಗೆ ಮೊದಲೇ ತಿಳಿದಿದ್ದುವು. ಅದು ರಾಜಕಾರ್ಯದ ಯೋಜನೆ. ಬೀದಿಯಲ್ಲಿ ಹಠಾತ್ತಾಗಿ ಸಿಕ್ಕಿಬಿದ್ದವನ ಸ್ಥಿತಿ ಬೇರೆ.

ಧರ್ಮದ ದೃಷ್ಟಿಯಿಂದ ನೋಡಿದರೂ ಇದೇ ನಿರ್ಣಯಕ್ಕೆ ಬರಬೇಕಾಗುವುದು. ರಣದಲ್ಲಿ ಕೂಟಾಯುಧಗಳಿಂದ ಕೊಲ್ಲಬಾರದೆಂದು ಮನುಸ್ಮೃತಿಯ ಏಳನೆಯ ಅಧ್ಯಾಯವು ವಿಧಿಸುತ್ತದೆ. ಹೊರಗೆ ಮರದಂತೆ ತೋರಿ ಒಳಗೆ ಹರಿತವಾದ ಶಸ್ತ್ರವುಳ್ಳುದೇ ಕೂಟಾಯುಧವೆಂದು ವ್ಯಾಖ್ಯಾನಕಾರನಾದ ಕುಲ್ಲೂಕನು ವಿವರಿಸುತ್ತಾನೆ. ಆ ವಿಧಿಯು ಯೋಧರಿಗೆ ಹೇಳಿದುದು ನಿಜ. ಆದರೆ ಗೃಹಸ್ಥನಿಗೂ ಒಂದು ಮಿತಿಯುಂಟು: ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಬಾರದೆಂಬ ನಿಯಮವು 1860ರ ದಂಡಸಂಹಿತೆಯಲ್ಲಿತ್ತು, 2024ರಲ್ಲಿ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೆ. ಗದರಿಸಿ ನಿಲ್ಲಿಸುವುದಕ್ಕೂ ಕೊಲ್ಲುವುದಕ್ಕೂ ನಡುವೆ ಹಲವು ಮೆಟ್ಟಿಲುಗಳಿವೆ. ಲೇಖನಿಯಂತಿರುವ ಪಿಸ್ತೂಲು ಆ ಮೆಟ್ಟಿಲುಗಳನ್ನೆಲ್ಲ ಕಿತ್ತುಹಾಕಿ, ಎಚ್ಚರಿಕೆಯಿಲ್ಲದ ಗುಂಡೊಂದನ್ನೇ ಉಳಿಸುತ್ತದೆ.

ಕೊಡಗಿನಲ್ಲಿ ಕೈಲ್ ಮುಹೂರ್ತದಂದು ಮನೆಯ ಕೋವಿಯನ್ನು ಹೂವಿನಿಂದಲಂಕರಿಸಿ ಪೂಜಿಸುವರು. ಯಾರ ಮನೆಯಲ್ಲಿ ಕೋವಿಯಿದೆಯೆಂಬುದು ಊರಿಗೇ ಗೊತ್ತು. ಹೊರಗಿನವನಿಗೆ ಅದರಿಂದ ಅಂಜಿಕೆ, ಮನೆಯವನಿಗೆ ಅದರಿಂದ ಹೊಣೆ. ಮರೆಸಿಟ್ಟ ಆಯುಧವು ಈ ಎರಡನ್ನೂ ಕಳೆಯುತ್ತದೆ. ಅಷ್ಟೇ ಅಲ್ಲ, ಅದು ಲೋಕದ ವಿಶ್ವಾಸಕ್ಕೂ ಕೈಹಾಕುತ್ತದೆ. ಫೋನು ಪಿಸ್ತೂಲಾಗಬಹುದಾದರೆ, ಜೇಬಿನಿಂದ ಫೋನು ತೆಗೆಯುವ ನಿರಪರಾಧಿಯನ್ನು ಕಂಡು ಕಾವಲಿನ ಪೋಲೀಸನು ಏನೆಂದು ತಿಳಿಯಬೇಕು? ಒಬ್ಬನ ಕಲ್ಪಿತ ಕ್ಷೇಮಕ್ಕಾಗಿ ಸಾವಿರ ಜನರು ಸಂದೇಹಕ್ಕೆ ಗುರಿಯಾಗುವರು. ಆ ಸಾವಿರದಲ್ಲಿ ದುರ್ಬಲರೇ ಮೊದಲು ನೋಯುವರು; ಪರಸ್ಪರ ವಿಶ್ವಾಸವಲ್ಲದೆ ಬೇರೆ ಕವಚವು ಅವರಿಗಿಲ್ಲ.

ಇಷ್ಟು ಹೇಳಿ, ಭಯಪಡುವವರನ್ನು ನಗೆಗೀಡುಮಾಡುವುದು ಸಲ್ಲದು. ಭಯವು ನಿಜವಾದುದು. 2012ರಲ್ಲಿ ದೆಹಲಿಯಲ್ಲಿ ನಡೆದ ಘೋರಕೃತ್ಯದ ತರುವಾಯ, 2014ರಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರಾಗಾರವು ಸ್ತ್ರೀಯರ ಕೈಚೀಲಕ್ಕೆ ಒಪ್ಪುವಂತೆ ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ರಿವಾಲ್ವರನ್ನು ಹೊರತಂದಿತು. ಅದು ವೇಷ ಮರೆಸಿದ ಆಯುಧವಲ್ಲ; ಆದರೆ ಅದರ ಬೆಲೆಯು 1,20,000 ರೂಪಾಯಿಗಳನ್ನು ಮೀರಿತ್ತು, ಮೇಲೆ ಪರವಾನಗಿ ಬೇರೆ ಬೇಕು. ದಿನಗೂಲಿಗೆ ಹೋಗಿ ಕತ್ತಲಾದ ಮೇಲೆ ಮರಳುವ ಹೆಂಗಸಿಗೆ ಅದು ಎಟುಕುವುದೆಂತು? ಅವಳ ದಾರಿಯಲ್ಲಿ ದೀಪವುರಿಯಬೇಕು. ಅವಳು ಕೂಗಿದರೆ ಕದ ತೆರೆದು ಬರುವ ನೆರೆಯವರಿರಬೇಕು. ಠಾಣೆಯಲ್ಲಿ ಅವಳ ದೂರನ್ನು ಅಂದೇ ಬರೆದುಕೊಳ್ಳಬೇಕು. ಇವು ಯಾವ ಕುಶಲಿಯೂ ಮಾಡಿ ಮಾರಬಲ್ಲ ವಸ್ತುಗಳಲ್ಲ. ಊರಿನವರೆಲ್ಲರೂ ಕೂಡಿ ಒದಗಿಸಬೇಕಾದುವು.